ಮುರಿಯಬಾರದ ಸೊಪ್ಪು

ಬಾಣಂತಿಯ ಸಾರಿಗೆಂದು ಮಾರುವ ಕಡಲಸೊಪ್ಪನ್ನು ಮುರಿಯುವುದಿಲ್ಲ. ಕೊರಿಯಾದ ಡೇಗು ಊರಿನ ನಮ್ಮ ಮಾರುಕಟ್ಟೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಣಗಿ ಹಲಗೆಯಂತಾದ ಸೊಪ್ಪು ಒಂದು ಮಾರುದ್ದ ಇರುತ್ತದೆ. ಕೊಳ್ಳುವವರು ಚೌಕಾಸಿ ಮಾಡುವುದಿಲ್ಲ, ಮಾರುವವರು ಮಡಚುವುದಿಲ್ಲ. ಮುರಿದರೆ ಹೆರಿಗೆ ಕಷ್ಟ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಮುರಿದದ್ದು ಒಂದೇ ಸಲ. ಅದೂ ಬೊರಾಮಳಿಗೆ ಕಳಿಸುವಾಗ.

ನಾನು ಅಂಗಡಿ ಇಟ್ಟಾಗ ಬೊರಾಮಳಿಗೆ ಐದು ವರ್ಷ. ಪಕ್ಕದ ಒಣಮೀನಿನ ಅಂಗಡಿ ಅವಳ ತಾಯಿ ಜೊಮ್ರೆಯದು. ಮೀನಿನ ಚೀಲಗಳ ನಡುವೆ ಕೂತು ಪಾಠ ಬರೆಯುತ್ತಿದ್ದ ಹುಡುಗಿ, ನಾನು ಗಿರಾಕಿಗಳ ಮೇಲೆ ರೇಗಿದಾಗಲೆಲ್ಲ ತಲೆಯೆತ್ತಿ, “ಅಮ್ಮಾ, ಮಾವನ ಕುಕ್ಕರ್ ಕೂಗ್ತು,” ಎನ್ನುತ್ತಿದ್ದಳು. ಮಾರುಕಟ್ಟೆಯೆಲ್ಲ ನಗುತ್ತಿತ್ತು. ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ದೊಡ್ಡವಳಾಗಿ ಕನ್ನಡಕದ ಕಾರ್ಖಾನೆ ಸೇರಿದಳು. ಆಂಬುಲೆನ್ಸ್ ಓಡಿಸುವ ಮನ್‌ಹೊನನ್ನು ಮದುವೆಯಾದಳು. ಮೊದಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಹತ್ತು ದಿನಕ್ಕೆಲ್ಲ ಕೆಲಸಕ್ಕೆ ಹೋದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಜೊಮ್ರೆ ತೀರಿಕೊಂಡಳು. ಆಗಲೂ ಅಷ್ಟೇ, ಬಂದವರಿಗೆಲ್ಲ ಊಟ ಬಡಿಸುತ್ತ ಓಡಾಡಿದಳು. ಗಟ್ಟಿ ಹೆಣ್ಣು ಎಂದು ನಾನೇ ಹೊಗಳಿದ್ದೆ.

ಕೊರೊನಾ ಬಂದಾಗ ಅವಳು ಮತ್ತೆ ಬಸುರಿ, ಎಂಟನೇ ತಿಂಗಳು. ಮಾರುಕಟ್ಟೆಗೆ ಬಾಗಿಲು ಹಾಕಿಸಿದರು. ಮನ್‌ಹೊ ಹಗಲಿರುಳು ರೋಗಿಗಳನ್ನು ಸಾಗಿಸುತ್ತಿದ್ದ. ಹೆಂಡತಿಗೆ ಅಂಟೀತೆಂದು ಆಂಬುಲೆನ್ಸ್ ನಿಲ್ಲುವ ಠಾಣೆಯಲ್ಲೇ ಮಲಗುತ್ತಿದ್ದ. ನಾಲ್ಕನೇ ಮಹಡಿಯ ಮನೆಯಲ್ಲಿ ಅವಳೊಬ್ಬಳೇ. ಬಸುರಿ ಒಳ್ಳೆಯದನ್ನೇ ಯೋಚಿಸಬೇಕು, ಒಳ್ಳೆಯದನ್ನೇ ನೋಡಬೇಕು ಎಂದು ನೆಂಟರೆಲ್ಲ ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದರು. ಕಿಟಕಿಯಾಚೆ ಸೈರನ್ ಬಿಟ್ಟರೆ ಬೇರೇನೂ ಇಲ್ಲದಾಗ ಒಳ್ಳೆಯದನ್ನು ಎಲ್ಲಿಂದ ತರುವುದು? ಇದನ್ನು ಕೇಳುವ ಬುದ್ಧಿ ಆಗ ನನಗೂ ಇರಲಿಲ್ಲ.

ಯಾರೂ ಮನೆಗೆ ಬರುವುದು ಬೇಡ, ಹೆರಿಗೆಗೆ ಸೊಪ್ಪನ್ನು ಕೊರಿಯರ್‌ನಲ್ಲೇ ಕಳಿಸು ಎಂದು ಫೋನ್ ಮಾಡಿದಳು. ಅಂಗಡಿಯಲ್ಲಿದ್ದುದರಲ್ಲೇ ಚೆನ್ನಾಗಿದ್ದುದನ್ನು ಆರಿಸಿ ಒಯ್ದೆ. ಇಷ್ಟುದ್ದದ್ದನ್ನು ಹಾಗೇ ತೆಗೆದುಕೊಳ್ಳುವುದಿಲ್ಲ, ಪೆಟ್ಟಿಗೆಯೊಳಗೆ ಹಿಡಿಯಬೇಕು ಎಂದು ಕೊರಿಯರ್‌ನವನು ಹಟ ಹಿಡಿದ. ಅವನಿಗೂ ನನಗೂ ಜಗಳವಾಯಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ತಲೆ ಕೆಟ್ಟು ಸೊಪ್ಪನ್ನು ಮೊಣಕಾಲಿಗೆ ಕೊಟ್ಟು ಒತ್ತಿದೆ. ಟಕ್ ಎಂದಿತು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಮಾಸ್ಕಿನ ಮೇಲೆ ಕೈಯಿಟ್ಟುಕೊಂಡಳು. ಎರಡು ತುಂಡನ್ನೂ ಪೆಟ್ಟಿಗೆಗೆ ತುರುಕಿ ಬಂದುಬಿಟ್ಟೆ.

ಎರಡು ದಿನದ ಮೇಲೆ ಬೊರಾಮಳ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

“ಮಾವ, ಎರಡು ತುಂಡಾಗಿ ಬಂದಿದೆ.”

ಕುದಿಯುವ ಪಾತ್ರೆಗೆ ಹೋಗುವ ಸೊಪ್ಪು ಒಂದಾದರೇನು, ಹತ್ತಾದರೇನು ಎಂದು ಕೂಗಾಡಿದೆ. ಜಗತ್ತೇ ಸಾಯುತ್ತಿರುವಾಗ ನಿನಗೆ ಸೊಪ್ಪಿನ ಚಿಂತೆಯೇ ಎಂದೂ ಕೇಳಿದೆ. ತಪ್ಪು ನನ್ನದೆಂದು ಗೊತ್ತಿದ್ದುದಕ್ಕೇ ಅಷ್ಟು ಕೂಗಿದ್ದು.

“ಅಮ್ಮ ಆಗಿದ್ರೆ ಮುರೀತಿದ್ಲಾ?” ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಆಮೇಲೆ ಅವಳು ಫೋನ್ ಎತ್ತಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮನ್‌ಹೊ ಮಾತಾಡಿದ. ಅವನ ಗಾಡಿಯಲ್ಲಿದ್ದ ರೋಗಿಯಿಂದ ಸೋಂಕು ತಗುಲಿರಬಹುದೆಂದು ಅವನನ್ನು ಕೂಡಿಹಾಕಿದ್ದರು. ಬೊರಾಮ್ ತಪಾಸಣೆಗೆ ಹೋಗುವುದಿಲ್ಲವಂತೆ, ಬಾಗಿಲು ತೆಗೆಯುವುದಿಲ್ಲವಂತೆ. ಮಗು ಆಗಲೇ ಹೋಗಿದೆ, ನೋಡಲು ಇನ್ನೇನಿದೆ ಎನ್ನುತ್ತಾಳಂತೆ. ಗೋಡೆಯೊಳಗೆ ಏನೋ ಟಕ್ ಎನ್ನುತ್ತದೆ, ಎಂದಾಗಲೆಲ್ಲ ಹೊಟ್ಟೆ ಮಂಜಿನಂತೆ ತಣ್ಣಗಾಗುತ್ತದೆ ಎನ್ನುತ್ತಾಳಂತೆ. “ಬಾಗಿಲು ಒಡೆಸಿದ್ರೆ ಕಿಟಕಿ ಹತ್ರ ಹೋಗ್ತೀನಿ ಅಂತಿದಾಳೆ, ಮಾವ,” ಎಂದು ಆ ಗಂಡಸು ಅತ್ತ.

ಅಂಗಡಿಯ ಕದ ತೆಗೆದೆ. ಒಂದು ಇಡೀ ಸೊಪ್ಪನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿ ನಡೆದೇ ಹೊರಟೆ. ಬಸ್ಸಿನ ಕಂಬಿಗೆ ತಾಗಿ ಮುರಿದೀತೆಂದು ಹೆದರಿಕೆ. ನಡುಹಗಲಿನ ಬೀದಿಗಳು ಮಸಣದಂತಿದ್ದವು. ಕಟ್ಟಡದ ಕಾವಲುಗಾರ ದೂರದಿಂದಲೇ, “ಏನಣ್ಣಾ ಅದು, ಹೆಣಾನಾ?” ಎಂದ. ಅವನ ತಮಾಷೆಗೆ ಮೈ ಉರಿಯಿತು. ಬಟ್ಟೆ ಸರಿಸಿ ತೋರಿಸಿದೆ. ಟೋಪಿ ತೆಗೆದು ದಾರಿ ಬಿಟ್ಟ.

ಬಾಗಿಲು ತಟ್ಟಿದೆ. ಸೊಪ್ಪನ್ನು ಗೋಡೆಗೊರಗಿಸಿ ಹೊಸ್ತಿಲ ಮುಂದೆ ಕೂತೆ. ಕೂಗಬೇಕೆನಿಸಿದಾಗಲೆಲ್ಲ ಮೊಣಕಾಲನ್ನು ಅದುಮಿ ಹಿಡಿದೆ. ಒಂದು ಗಂಟೆಯೋ ಎರಡೋ ಕಳೆದಿರಬೇಕು. ಕದದಾಚೆ, ನನ್ನ ಕಿವಿಯ ಮಟ್ಟದಲ್ಲೇ, ಉಸಿರು ಕೇಳಿಸಿತು. ಅವಳೂ ನೆಲಕ್ಕೇ ಕೂತಿದ್ದಳು.

“ಮನ್‌ಹೊ ಹೇಳಿದ್ನಾ, ನಂಗೆ ಹುಚ್ಚು ಅಂತ?”

“ಇಲ್ಲ. ಶಬ್ದ ಕೇಳುತ್ತೆ ಅಂದ.”

“ಏನೂ ಇಲ್ಲ, ನಿನ್ನ ಭ್ರಮೆ ಅನ್ನು. ಎಲ್ರೂ ಅದನ್ನೇ ಅಂತಾರೆ.”

ಹಾಗೆನ್ನಲೆಂದೇ ಬಂದಿದ್ದೆ. ಆದರೆ “ನಂಗೂ ಕೇಳುತ್ತೆ ಕಣೇ,” ಎಂದೆ. “ಅವತ್ತಿಂದ. ಊಟಕ್ಕೆ ಕೂತ್ರೆ ಕೇಳುತ್ತೆ, ಶಟರ್ ಎಳೆದ್ರೆ ಕೇಳುತ್ತೆ. ಮುರಿದಿದ್ದು ನನ್ನ ಮೊಣಕಾಲಲ್ಲಿ. ನಿನ್ನ ಹೊಟ್ಟೇಲಲ್ಲ.”

ಸುಳ್ಳಾಡಿರಲಿಲ್ಲ.

ಆಮೇಲೆ ಅವಳು ಅತ್ತಳು. ಸತ್ತ ಮಗುವಿಗೆ, ಸತ್ತ ತಾಯಿಗೆ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳೆನಿಸುತ್ತದೆ. ಸರಪಳಿ ಸರಿದ ಸದ್ದಾಯಿತು. ಕದದ ಸಂದಿಯಲ್ಲಿ ಕಂಡ ಕೈಯ ಬೆರಳುಗಳೆಲ್ಲ ತೊಳೆದು ತೊಳೆದು ಬಿರಿದು ರಕ್ತ ಒಸರುತ್ತಿದ್ದವು. ಆ ಕೈ ಸೊಪ್ಪನ್ನು ಬುಡದಿಂದ ತುದಿಯವರೆಗೆ ತಡವಿತು.

“ಇದನ್ನ ಒಳಗಿಡು, ಮಾವ. ಆಮೇಲೆ ಕರ್ಕೊಂಡ್ ಹೋಗು.”

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಸರಿಯಾಗಿತ್ತು. ಅವಳು ನಂಬಲಿಲ್ಲ, ಮೂರು ಸಲ ಕೇಳಿಸಿದರು. ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತಿರಬಾರದಿತ್ತು, ಇದೂ ಕಾಯಿಲೆಯೇ, ಇದಕ್ಕೂ ಔಷಧಿಯಿದೆ ಎಂದು ಮನಸ್ಸಿನ ಡಾಕ್ಟರು ಹೇಳಿದರು. ನರ್ಸಮ್ಮ ದಿನಾ ಫೋನ್ ಮಾಡುತ್ತಿದ್ದಳು. ಮನ್‌ಹೊ ಬಿಡುಗಡೆಯಾಗಿ ಮನೆಗೆ ಬಂದ. ಮಾರ್ಚ್ ಕೊನೆಯಲ್ಲಿ ಹೆಣ್ಣು ಮಗು ಹುಟ್ಟಿತು, ನನಗಿಂತ ಜೋರು ಗಂಟಲಿನದು. ನಾನು ತಂದ ಸೊಪ್ಪಿನಲ್ಲೇ ಮನ್‌ಹೊ ಸಾರು ಮಾಡಿ ಉಣಿಸಿದ.

ಮುರಿದ ಎರಡು ತುಂಡನ್ನು ಅವಳು ಎಸೆದಿರಲಿಲ್ಲ. “ನಿಂದು ನೀನೇ ತಿನ್ನು,” ಎಂದು ನನಗೇ ವಾಪಸು ಕೊಟ್ಟಳು. ಬೇಯಿಸಲು ಕೈ ಬರಲಿಲ್ಲ. ಅಂಗಡಿಯ ತೊಲೆಗೆ ಕಟ್ಟಿದ್ದೇನೆ. ಕೊರಿಯರ್‌ಗೆ ಉದ್ದನೆಯ ಪೆಟ್ಟಿಗೆಯನ್ನು ನಾನೇ ಮಾಡಿಸಿಕೊಂಡಿದ್ದೇನೆ.

ಮಗುವಿಗೆ ಈಗ ನಾಲ್ಕು ತುಂಬಿದೆ. ಬೊರಾಮ್ ಕಾರ್ಖಾನೆಗೆ ಹೋಗುತ್ತಾಳೆ, ನಗುತ್ತಾಳೆ, ನನ್ನನ್ನು ಕುಕ್ಕರ್ ಎನ್ನುತ್ತಾಳೆ. ಆದರೂ ಎರಡು ಮೂರು ತಿಂಗಳಿಗೊಮ್ಮೆ, ವ್ಯಾಪಾರದ ನಡುವೆ, ಅವಳ ಫೋನ್ ಬರುತ್ತದೆ. ಊಟವಾಯಿತೇ ಎಂದು ಕೇಳುವುದಿಲ್ಲ.

“ಮಾವ, ಕೇಳಿಸ್ತಾ?”

ಎದುರಿಗಿರುವ ಗಿರಾಕಿಯನ್ನು ಸುಮ್ಮನಿರಿಸಿ ಕಿವಿಗೊಡುತ್ತೇನೆ. ಕೆಲವು ಸಲ ಏನೂ ಇರುವುದಿಲ್ಲ, ಇಲ್ಲ ಎನ್ನುತ್ತೇನೆ. ಕೆಲವು ಸಲ ತೊಲೆಯ ಕಡೆಯಿಂದ ಟಕ್ ಎನ್ನುತ್ತದೆ.

“ಹೂಂ, ಕೇಳಿಸ್ತು. ಇಲ್ಲೇ ಇದೀನಿ,” ಎನ್ನುತ್ತೇನೆ.