ರಬ್ಬರ್ ಶೀಟಿನ ವಾಸನೆ

ಇವತ್ತು ಕಡಬದ ಬಸ್ಸಿಗೆ ಒಬ್ಬರು ರಬ್ಬರ್ ಶೀಟಿನ ಕಟ್ಟು ಹಿಡಿದುಕೊಂಡು ಹತ್ತಿದರು. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈಯಲು ಬಾಯಿ ತೆರೆದವಳಿಗೆ ಅಜ್ಜಿ ನೆನಪಾದರು. ಮಲಯಾಳ ಮಾತಾಡುವ ನಮಗೆ ಅವರು ಅಮ್ಮಚ್ಚಿ; ಅವರಿಗೆ ನಾನು ಮೋಳೆ, ಅಂದರೆ ಮಗಳು.

ಚಿಕ್ಕವಳಿದ್ದಾಗ ಒಂದು ಭಾನುವಾರ ಇಗರ್ಜಿಯಲ್ಲಿ, ರಬ್ಬರ್ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಕೆಲಸದ ಏಲಿಯಮ್ಮ ನನ್ನ ಪಕ್ಕ ಬಂದು ಕೂತರು. ಅವರ ಬಟ್ಟೆಯ ರಬ್ಬರ್ ವಾಸನೆಗೆ ನಾನು ಮೂಗು ಹಿಡಿದು ದೂರ ಸರಿದೆ. ಇನ್ನೊಬ್ಬರ ಬಗ್ಗೆ ತೀರ್ಪು ಕೊಡಬಾರದೆಂದು ಯೇಸು ಹೇಳಿದ್ದನ್ನು ಪಾದ್ರಿಗಳು ವಿವರಿಸುತ್ತಿದ್ದ ಹೊತ್ತು ಅದು. ಅಮ್ಮಚ್ಚಿ ಅದನ್ನು ನೋಡಿದರು. ಮನೆಗೆ ಬಂದ ಮೇಲೆ ನನ್ನ ಫ್ರಾಕಿನ ಅಂಚನ್ನೇ ನನ್ನ ಮೂಗಿಗೆ ಹಿಡಿದರು.

“ಮೂಸಿ ನೋಡು ಮೋಳೆ. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುದು ಎಲ್ಲಿ?”

ಶೀಟು ಒಣಗಿಸುವ ನಮ್ಮದೇ ಹೊಗೆಮನೆಯಲ್ಲಿ. ಅದೇ ವಾಸನೆ.

ಬಸ್ಸಿನಲ್ಲಿ ನನ್ನ ಹಾಗೆಯೇ ಮೂಗು ಮುಚ್ಚಿಕೊಂಡಿದ್ದ ಹುಡುಗಿಯನ್ನು ಬೈಯುವ ಬದಲು ಎದ್ದೆ. ಗಾಳಿ ಬರಲೆಂದು ಕಿಟಕಿ ಬದಿಯ ನನ್ನ ಸೀಟನ್ನು ಅವಳಿಗೆ ಬಿಟ್ಟುಕೊಟ್ಟೆ.