ಭಾವನ ಕೈ, ಮಗಳ ದೀಪ

ನಮ್ಮ ಅಕ್ಕನ ಗಂಡ ಕೈಗಡಿಯಾರ ರಿಪೇರಿ ಮಾಡುವವರು. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕತ್ತಲೆ ಗೂಡು: ಒಂದು ಮೇಜು, ಒಂದು ಸ್ಟೂಲು, ಭಾವ. ಮೂವತ್ತು ವರ್ಷದಿಂದ ಬೀದಿಯವರು ಅವರನ್ನು ‘ಕಲ್ಲುಕೈ’ ಎಂದೇ ಕರೆಯುತ್ತಾರೆ. ಎಳ್ಳಿಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದರೆ ಕಲ್ಲಾದರೂ ಅಲುಗೀತು, ಭಾವನ ಕೈ ಅಲುಗದು. ಈ ಮಾತನ್ನು ಹೆಚ್ಚಾಗಿ ಹೇಳುವವರೂ ಭಾವನೇ.

ಡಿಸೈನ್ ಕಾಲೇಜಿನ ಕೊನೆಯ ವರ್ಷದಲ್ಲಿ ಅವರ ಮಗಳು ಒಂದು ಟೇಬಲ್ ಲ್ಯಾಂಪ್ ಮಾಡಿದಳು. ಅದಕ್ಕೆ ಸ್ವಿಚ್ಚಿಲ್ಲ. ಎದುರಿಗೆ ಯಾರಾದರೂ ಅಲುಗಾಡಿದರೆ ಹತ್ತುತ್ತದೆ, ಸುಮ್ಮನಾದರೆ ಹತ್ತು ಎಣಿಸುವಷ್ಟರಲ್ಲಿ ಆರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅಕ್ಕ ಹಜಾರದ ಬಲ್ಬು ಬಿಚ್ಚಿಸಿ ಅದನ್ನೇ ಇಟ್ಟಳು. ಅಲ್ಲಿಂದಾಚೆ ಆ ಮನೆಯಲ್ಲಿ ನೆಮ್ಮದಿಯಾಗಿ ಕೂತವರಿಲ್ಲ. ಸೂಜಿಗೆ ದಾರ ಪೋಣಿಸುವಾಗ ಅಕ್ಕ ಒಂದು ಕಾಲು ಕುಣಿಸುತ್ತಿದ್ದಳು. ನಾನೋ ಪೇಪರ್ ಓದುವವನು. ಪುಟ ಮಗುಚಿದಾಗ ಬೆಳಕು, ಓದಲು ಹೊರಟರೆ ಕತ್ತಲೆ. ಬಂದ ನೆಂಟರು ಬೆಳಕಿಗಾಗಿ ಕೈ ಬೀಸಿದರೆ, ಹೊರಟರೇನೋ ಎಂದು ಅಕ್ಕ ಹೋಗಿ ಬಾಗಿಲು ತೆರೆಯುತ್ತಿದ್ದಳು.

ಕಾಲೇಜಿನ ಇಬ್ಬರು ಪರೀಕ್ಷಕರು ದೀಪವನ್ನು ಯಾರಾದರೂ ಕೆಲಸ ಮಾಡುವ ಜಾಗದಲ್ಲೇ ನೋಡಬೇಕೆಂದರು. ನಮ್ಮವರ ಅಂಗಡಿ ಇದೆಯಲ್ಲ, ಅಲುಗದ ಕೈಯೂ ಇದೆ ಎಂದು ಅಕ್ಕ ಹೇಳಿಬಿಟ್ಟಳು. ಭಾವ ಒಲ್ಲೆ ಎನ್ನಲಿಲ್ಲ. ಕಲ್ಲುಕೈ ಒಲ್ಲೆ ಎನ್ನುವುದು ಹೇಗೆ?

ಆ ದಿನ ಮಗಳು ಅಂಗಡಿಯ ಬಲ್ಬು ಬಿಚ್ಚಿಟ್ಟು, ಅಲುಗಾಟ ಗುರುತಿಸುವ ದೀಪದ ಕಣ್ಣನ್ನು ಮೇಜಿನ ಕಡೆಗಷ್ಟೇ ತಿರುಗಿಸಿದಳು. ಭಾವ ಚಿಮಟ ಹಿಡಿದು ಸ್ಥಿರವಾದರು. ದೀಪ ಆರಿದರೆ ಅವಳು ಪಾಸು. ಹತ್ತು ಎಣಿಸಿದೆವು. ಮೂವತ್ತಾಯಿತು. ನೂರಾಯಿತು. ದೀಪ ಉರಿಯುತ್ತಲೇ ಇತ್ತು. ಹಿರಿಯ ಪರೀಕ್ಷಕರು ಕನ್ನಡಕ ಏರಿಸಿ ಭಾವನ ಕೈಯನ್ನೇ ಬಗ್ಗಿ ನೋಡಿದರು. ಎಳ್ಳಷ್ಟೂ ಅಲುಗಾಟ ಕಾಣಲಿಲ್ಲ. ದೀಪದಲ್ಲಿ ದೋಷವಿದೆಯೇ ಎಂದು ಕೇಳಿ ಪೆನ್ನಿನ ಮುಚ್ಚಳ ತೆಗೆದರು.

ಹಿಂದಿನ ದಿನ ಅದನ್ನು ನೂರು ಸಲ ಪರೀಕ್ಷಿಸಿದ್ದವಳು ಅಪ್ಪನ ಮುಖ ನೋಡಿದಳು. ಅವಳಿಗೆ ಗೊತ್ತಾಗಿಹೋಯಿತು.

“ಹೌದು ಸರ್, ದೀಪದ್ದೇ ತಪ್ಪು,” ಅಂದಳು.

ನನಗೆ ಮೈಯೆಲ್ಲ ಉರಿಯಿತು. ಒಂದು ವರ್ಷದ ದುಡಿಮೆಯನ್ನು ಹೀಗೆ ನೀರಿಗೆ ಹಾಕುವುದೇ?

ಭಾವ ಚಿಮಟ ಕೆಳಗಿಟ್ಟರು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕೂತರು. ಹತ್ತು ಎಣಿಸುವಷ್ಟರಲ್ಲಿ ದೀಪ ಆರಿತು.

“ಬರ್ಕೊಳ್ಳಿ ಸರ್, ದೀಪ ಸರಿಯಾಗೇ ಇದೆ,” ಎಂದಿತು ಕತ್ತಲಲ್ಲಿ ಭಾವನ ದನಿ. “ಎಂಟು ತಿಂಗಳಿಂದ ನನ್ನ ಕೈ ನಡುಗ್ತಿದೆ. ಇಷ್ಟು ಸಣ್ಣ ನಡುಕ ಅದಕ್ಕೆ ಕಾಣಲ್ಲ ಅಂದ್ಕೊಂಡಿದ್ದೆ.”

ಬರೆದುಕೊಳ್ಳಲು ಬೆಳಕಿರಲಿಲ್ಲ. ಪರೀಕ್ಷಕರು ಮೇಜಿನ ಮೇಲೆ ಕೈಯಾಡಿಸಿದರು, ದೀಪ ಹತ್ತಿತು. ಹಾಳೆ ಹುಡುಕಲು ಚೀಲಕ್ಕೆ ಕೈ ಹಾಕಿದರು, ಆರಿತು. ಮತ್ತೆ ಆಡಿಸಿದರು. ಇಬ್ಬರು ದೊಡ್ಡ ಮನುಷ್ಯರು ನೊಣ ಓಡಿಸುವವರಂತೆ ಕೈ ಬೀಸುವುದನ್ನು ನೋಡಿ ನಗು ಬಂತು, ಆದರೆ ನಗಲಾಗಲಿಲ್ಲ.

ಕೊನೆಗೆ ಭಾವ ತೊಡೆಯ ಕೆಳಗಿಂದ ಬಲಗೈ ತೆಗೆದು ಮೇಜಿನ ಮೇಲೆ ಸುಮ್ಮನೆ ಇಟ್ಟರು. ದೀಪ ಹತ್ತಿತು, ಮತ್ತೆ ಆರಲಿಲ್ಲ. ಆ ಬೆಳಕಿನಲ್ಲೇ ಪರೀಕ್ಷಕರು ಮಗಳಿಗೆ ಅಂಕ ಬರೆದರು.