ಕಾಲುದಾರಿಯ ಊರಿನವಳು

ಕಂಬರ್‌ನಾಲ್ಡ್ ಅಂದರೆ ಇವತ್ತಿಗೂ ಜನ ಮೂಗು ಮುರಿಯುತ್ತಾರೆ. ಕಾಂಕ್ರೀಟಿನ ಕೊಂಪೆಯಂತೆ, ಗಾಳಿಗುಡ್ಡವಂತೆ, ಇಡೀ ಬ್ರಿಟನ್ನಿನಲ್ಲೇ ಕುರೂಪಿ ಊರಂತೆ. ಇಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಹತ್ತಿರ, ನಮ್ಮ ಹೆಂಗಸರ ಗುಂಪಿನಲ್ಲಿ ಒಬ್ಬರು ಫೋನಿನಲ್ಲಿ ಅದರ ಚಿತ್ರ ಹುಡುಕಿ ತೆಗೆದು, ಈ ಊರಾಗ ಹ್ಯಾಂಗ ಇದ್ರಿ ಅಂತ ನಕ್ಕರು. ಚೊಲೋ ಇದ್ದೆ ಅಂದೆ. ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿದ್ದೆ ಅಂದೆ. ನಗುವವರು ನಗಲಿ, ನನಗೇನು.

ಎರಡನೇ ಮಹಾಯುದ್ಧ ಮುಗಿದ ಮೇಲೆ, ಸ್ಕಾಟ್ಲೆಂಡಿನ ಗ್ಲಾಸ್ಗೋದ ಕಿಕ್ಕಿರಿದ ಹಳೆಯ ವಠಾರಗಳಲ್ಲಿ ಬದುಕುತ್ತಿದ್ದವರಿಗಾಗಿ ನಕಾಶೆ ಹಾಕಿ ಕಟ್ಟಿದ ಊರು ಅದು. ನಮ್ಮ ಮನೆಯವರಿಗೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಕೆಲಸ. ಮದುವೆಯಾಗಿ ಧಾರವಾಡದಿಂದ ನೇರ ಅಲ್ಲಿಗೇ ಹೋದೆ. ಗುಡ್ಡದ ನೆತ್ತಿಯ ಮೇಲೆ ಪೇಟೆ, ಎಲ್ಲ ಅಂಗಡಿಗಳೂ ಒಂದೇ ಸೂರಿನಡಿ. ಗಾಳಿ ಬೀಸಿದರೆ ಸೀರೆ ಉಟ್ಟವಳ ಗತಿ ದೇವರಿಗೇ ಪ್ರೀತಿ. ಒಪ್ಪಿದೆ, ಚಂದದ ಊರೇನೂ ಅಲ್ಲ. ಆದರೆ ಅದನ್ನು ಕಟ್ಟಿದ ಪುಣ್ಯಾತ್ಮರು ಒಂದು ಕೆಲಸ ಮಾಡಿದ್ದರು: ಕಾರಿಗೆ ಬೇರೆ ದಾರಿ, ಕಾಲಿಗೆ ಬೇರೆ ದಾರಿ. ರಸ್ತೆ ಅಡ್ಡ ಬಂದಲ್ಲೆಲ್ಲ ಕೆಳಗೊಂದು ಅಂಡರ್‌ಪಾಸ್, ಇಲ್ಲವೆ ಮೇಲೊಂದು ಸೇತುವೆ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟರೆ ಅಂಗಡಿ, ಲೈಬ್ರರಿ, ಪಾರ್ಕು ಎಲ್ಲ ಮುಗಿಸಿ ಬರುತ್ತಿದ್ದೆ. ಇಂಗ್ಲಿಷು ತೊದಲುವ ಇಪ್ಪತ್ತೆರಡರ ಹುಡುಗಿ, ಯಾರನ್ನೂ ಕರೆದೊಯ್ಯಿರಿ ಅಂತ ಕೇಳದೆ ಊರೆಲ್ಲ ಸುತ್ತುತ್ತಿದ್ದಳು. ಮಗಳು ಮೊದಲ ಹೆಜ್ಜೆ ಇಟ್ಟದ್ದೂ ಅಂಥ ಒಂದು ಅಂಡರ್‌ಪಾಸಿನಲ್ಲೇ.

ನಮ್ಮ ಕಟ್ಟಡದಲ್ಲಿ ಒಂದು ಪದ್ಧತಿಯಿತ್ತು. ಎಲ್ಲರೂ ಬಳಸುವ ಮೆಟ್ಟಿಲನ್ನು ಮನೆಗೊಂದು ವಾರದಂತೆ ಸರದಿಯಲ್ಲಿ ತೊಳೆಯಬೇಕು. ಯಾರ ಸರದಿಯೋ ಅವರ ಬಾಗಿಲ ಹಿಡಿಕೆಗೆ ಒಂದು ರಟ್ಟಿನ ಚೀಟಿ ತೂಗುತ್ತಿತ್ತು. ಮೊದಲ ಸಲ ನನ್ನ ಬಾಗಿಲಿಗೆ ಚೀಟಿ ಬಂದಾಗ ತಿಕ್ಕಿ ತಿಕ್ಕಿ ತೊಳೆದೆ. ತೊಳೆದ ನೆಲ ಬೋಳಾಗಿ ಬಿಡುವುದೇ? ಮನೆಯಲ್ಲಿ ಯಾರೋ ಸತ್ತ ಹಾಗೆ? ಪೆಟ್ಟಿಗೆಯಲ್ಲಿದ್ದ ರಂಗೋಲಿ ಪುಡಿ ತೆಗೆದು ಮೆಟ್ಟಿಲ ಬುಡದಲ್ಲಿ ದೊಡ್ಡದೊಂದು ರಂಗೋಲಿ ಹಾಕಿದೆ. ಮುಂದಿನ ವಾರ ಕೆಳಗಿನ ಮನೆಯ ಮುದುಕಿಯ ಸರದಿ. ನೋಡಿದರೆ ಮೆಟ್ಟಿಲೆಲ್ಲ ಫಳಫಳ, ನನ್ನ ರಂಗೋಲಿ ಮಾತ್ರ ಒಣಗಿ ಹಾಗೇ ಇದೆ! ಸುತ್ತ ಒರೆಸಿ ಅದನ್ನಷ್ಟೇ ಬಿಟ್ಟಿದ್ದಳು. ಎಂಥ ಮೈಗಳ್ಳಿ ಅಂತ ಒಳಗೊಳಗೇ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಅದು ನಮ್ಮ ದೇವರು ಅಂದುಕೊಂಡು, ಪೋಸ್ಟಿನವನು ತುಳಿಯದ ಹಾಗೆ ವಾರವಿಡೀ ಕಾವಲಿದ್ದಳಂತೆ. ದಿನಾ ಅಳಿಸಿ ದಿನಾ ಹಾಕುವುದು ಅಂತ ತಿಳಿಸಿ ಹೇಳುವಷ್ಟರಲ್ಲಿ ನನಗೂ ನಗು, ಅವಳಿಗೂ ನಗು. ನಾವು ಅಮೆರಿಕಕ್ಕೆ ಹೊರಟ ದಿನ ಅವಳು ಅತ್ತಳು. ನಾನೂ ಅತ್ತೆ.

ಇಲ್ಲಿಗೆ ಬಂದ ಮೇಲೆ ಎಲ್ಲರ ಹಾಗೆ ನಾನೂ ಡ್ರೈವಿಂಗ್ ಕಲಿತೆ. ಸ್ನೋನಲ್ಲೂ ಕಾರು ಓಡಿಸಿದವಳು ನಾನು. ಮನೆಯವರು ತೀರಿಕೊಂಡ ಮೇಲೂ ಈ ಟೌನ್‌ಹೌಸಿನಲ್ಲಿ ಒಬ್ಬಳೇ ಧೈರ್ಯವಾಗಿದ್ದೆ. ಹೋದ ವರ್ಷ ಕಣ್ಣಿನ ಡಾಕ್ಟರು ಇನ್ನು ಕಾರು ಮುಟ್ಟಬೇಡಿ ಅಂದರು. ಆದರೂ ಸೋಲಲಿಲ್ಲ. ನಮ್ಮ ಸಾಲುಮನೆಗಳ ಹಿಂದೆ, ಮರಗಳ ನಡುವೆ, ಒಂದು ಕಾಲುದಾರಿಯಿದೆ. ಅದು ನಮ್ಮೆಲ್ಲರ ಸಭೆ ನಡೆಯುವ ಕ್ಲಬ್‌ಹೌಸಿನ ಬಳಿಗೆ ಹೋಗಿ, ಅಲ್ಲಿಂದ ಮುಂದೆ ಇಂಡಿಯನ್ ಅಂಗಡಿಗೂ ಲೈಬ್ರರಿಗೂ ಮುಟ್ಟುತ್ತದೆ. ಕಾಲಿರುವ ತನಕ ಕಣ್ಣಿನ ಹಂಗೇಕೆ ಅಂತ ದಿನಾ ಅದರಲ್ಲೇ ಹೋಗಿ ಬರುತ್ತಿದ್ದೆ. ಇನ್ನೊಂದು ದಾರಿ ಅಂದರೆ ಹೈವೇ. ಅದರ ಅಂಚಿನಲ್ಲಿ ನಡೆಯುವುದೆಂದರೆ ಆತ್ಮಹತ್ಯೆಗೆ ಹೊರಟ ಹಾಗೆ.

ಈ ಕಾಲುದಾರಿಗೆ ಬೇಲಿ ಹಾಕಿ ಮುಚ್ಚುತ್ತೇವೆ ಅಂತ ನಮ್ಮ ಸಾಲುಮನೆಗಳವರ ಅಸೋಸಿಯೇಷನ್ನಿನವರು ಹೊರಟರು. ಹೊರಗಿನವರು ನುಗ್ಗುತ್ತಾರೆ, ನಮ್ಮವರು ಹೇಗೂ ಬಳಸುವುದಿಲ್ಲ ಅಂತ ನೆಪ. ಮಗಳಿರುವುದು ಹತ್ತಿರದ ಇನ್ನೊಂದು ಊರು ಬ್ರಿಡ್ಜ್‌ವಾಟರಿನಲ್ಲಿ. ಸುದ್ದಿ ಹೇಳಿದ್ದೇ ತಡ, ಒಳ್ಳೆಯದೇ ಆಯಿತು ಅಂದಳು. ಮನೆ ಮಾರಿ ತನ್ನ ಬೇಸ್‌ಮೆಂಟಿಗೆ ಬಂದುಬಿಡು, ಎಲ್ಲಿಗೆ ಬೇಕಾದರೂ ನಾನೇ ಡ್ರೈವ್ ಮಾಡುತ್ತೇನೆ ಅಂತ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಬುದ್ಧಿ ಹೇಳಿದಳು. ಒಳ್ಳೆಯ ಮಗಳು, ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವಳ ಮನೆಯಿಂದ ಒಂದು ಕಟ್ಟು ಕೊತ್ತಂಬರಿ ತರಲೂ ಕಾರೇ ಬೇಕು. ಕೊತ್ತಂಬರಿಗೂ ಮಗಳ ಬಿಡುವು ಕಾಯುತ್ತ ಕೂರುವವಳು ನಾನಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಹೆದರಿಕೆಯಾಗಿತ್ತು.

ಬೆಳಿಗ್ಗೆ ಬಾಗಿಲು ತೆಗೆದರೆ, ಪಾರ್ಸೆಲ್ ಇಟ್ಟುಹೋದವನು ನನ್ನ ಹೊಸ್ತಿಲ ರಂಗೋಲಿ ತುಳಿದಿದ್ದ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈಯುತ್ತಲೇ ನೋಡುತ್ತೇನೆ, ಅವನ ಬಿಳಿ ಹೆಜ್ಜೆಗಳು ನನ್ನ ಬಾಗಿಲಿಂದ ಪಕ್ಕದ ಮನೆಯ ಬಾಗಿಲ ತನಕ ಸಾಲಾಗಿ ಮೂಡಿದ್ದವು. ಬೈಗುಳ ಅಲ್ಲಿಗೇ ನಿಂತಿತು.

ಬೇಲಿಯ ತೀರ್ಮಾನಕ್ಕೆ ಕರೆದ ಮೀಟಿಂಗ್ ನವೆಂಬರಿನ ಒಂದು ಸಂಜೆ. ಕ್ಲಬ್‌ಹೌಸಿನ ಪಾರ್ಕಿಂಗ್ ಅಂಗೈಯಗಲ, ಮೀಟಿಂಗ್ ದಿನ ಬೇಗ ತುಂಬಿಬಿಡುತ್ತದೆ. ಅರ್ಧಕ್ಕರ್ಧ ಜನ ಅದೇ ಕಾಲುದಾರಿಯಲ್ಲಿ ನಡೆದು ಬರುವುದನ್ನು ನನ್ನ ಅಡುಗೆಮನೆಯ ಕಿಟಕಿಯಿಂದ ಎಷ್ಟು ಸಲ ಕಂಡಿಲ್ಲ! ಹೊತ್ತು ಮುಳುಗುವ ಮುಂಚೆ ಪೊರಕೆ ಹಿಡಿದು ಹೋಗಿ, ದಾರಿಯ ತಿರುವಿನಲ್ಲಿ ಬಿದ್ದಿದ್ದ ಎಲೆ ಗುಡಿಸಿ, ಈ ಅಂಚಿನಿಂದ ಆ ಅಂಚಿಗೆ ಕಾಲಿಡಲು ಜಾಗ ಉಳಿಯದ ಹಾಗೆ ರಂಗೋಲಿ ಹಾಕಿದೆ. ಎಳೆ ತೆಳ್ಳಗೆ ಬರಬೇಕು ಅಂತ ನಮ್ಮವ್ವ ಕಲಿಸಿದ್ದು. ನಾನು ಮುಷ್ಟಿ ಮುಷ್ಟಿ ಸುರಿದೆ. ಅವ್ವ ಕಂಡಿದ್ದರೆ ಕೈಗೊಂದು ಏಟು ಕೊಡುತ್ತಿದ್ದಳು. ಕಂಡವರು ತುಳಿಯಲಿ ಅಂತ ರಂಗೋಲಿ ಹಾಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಅಮ್ಮ ಜಗಳ ತೆಗೆದಾಳು ಅಂತ ಮಗಳು ಬ್ರಿಡ್ಜ್‌ವಾಟರಿನಿಂದ ಬಂದು ನನ್ನ ಪಕ್ಕ ಕೂತಿದ್ದಳು. ಅಸೋಸಿಯೇಷನ್ನಿನ ಅಧ್ಯಕ್ಷ ನಮ್ಮ ಬೆಂಗಳೂರಿನವನೇ, ನನ್ನ ಎದುರು ಸಾಲಿನ ಮನೆ. ಬೇಲಿಯ ವಿಚಾರ ಬಂದಾಗ ನಾನು ಎದ್ದು ನಿಂತೆ. ಮುದುಕಿಗೆ ತಿಳಿಯಲಿ ಅಂತ ಅವನು ಕನ್ನಡದಲ್ಲೇ ಕರುಣೆ ತೋರಿಸಿದ:

"ಆಂಟಿ, ಆ ಪಾತ್ ಯಾರು ಯೂಸ್ ಮಾಡ್ತಾರೆ ಹೇಳಿ? ಇಲ್ಲಿ ಎವ್ರಿಬಡಿ ಡ್ರೈವ್ಸ್."

"ಹೌದೇನ್ರಿ? ಹಂಗಿದ್ರ ನಿಮ್ಮ ಬೂಟ್ ಒಂದ್ಸಲ ನೋಡ್ಕೋರಿ."

ನೋಡಿಕೊಂಡ. ಕರಿ ಬೂಟಿನ ಸುತ್ತ ಬಿಳಿ ಪುಡಿ ಮೆತ್ತಿತ್ತು. ಅದೇ ಮಾತನ್ನು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದೆ. ಎಲ್ಲರೂ ಬಗ್ಗಿ ಅವರವರ ಕಾಲು ನೋಡಿಕೊಂಡರು. ಬಾಗಿಲಿನಿಂದ ಕುರ್ಚಿಗಳ ತನಕ ನೀಲಿ ಕಾರ್ಪೆಟ್ಟಿನ ತುಂಬ ಬಿಳಿ ಹೆಜ್ಜೆ. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಆಮೇಲೆ ಇನ್ನೊಬ್ಬರು. ಅಂಗಡಿಯ ಕೊತ್ತಂಬರಿಯಿಂದ ಹಿಡಿದು ಲೈಬ್ರರಿಯ ತನಕ, ಆ ದಾರಿ ನನಗೆ ಏಕೆ ಬೇಕು ಅಂತ ಒಂದೊಂದಾಗಿ ಹೇಳಿದೆ. ಬೇಲಿಯ ಮಾತನ್ನು ವಸಂತದ ಮೀಟಿಂಗಿಗೆ ಮುಂದಕ್ಕೆ ಹಾಕಿದರು. ಮತ್ತೆ ತರುತ್ತಾರಂತೆ. ತರಲಿ, ಪುಡಿ ಇನ್ನೂ ಡಬ್ಬಿ ತುಂಬ ಇದೆ.

ಕಂಬರ್‌ನಾಲ್ಡಿನ ಆ ಪೇಟೆಯನ್ನೂ ಕೆಡವುತ್ತಾರಂತೆ. ಅಲ್ಲಿಗೆ ಹೋಗಿ ತಡೆಯುವಷ್ಟು ದೊಡ್ಡವಳಲ್ಲ ನಾನು. ಇಲ್ಲಿಯದನ್ನಂತೂ ಬಿಡುವುದಿಲ್ಲ.

ಹೊರಗೆ ಬಂದಾಗ ಮಗಳು ಕಾರಿನ ಬೀಗದ ಕೈ ತೆಗೆದಳು. ನಾನು ಕಾಲುದಾರಿಗೆ ತಿರುಗಿದೆ. ಒಂದು ಗಳಿಗೆ ನಿಂತು ನೋಡಿದವಳು ಕೀಲಿಯನ್ನು ಮತ್ತೆ ಕೋಟಿನ ಜೇಬಿಗೆ ಹಾಕಿಕೊಂಡು ನನ್ನ ಹಿಂದೆ ಬಂದಳು, ಫೋನಿನ ಬೆಳಕು ಹಿಡಿದು. ತಿರುವಿನಲ್ಲಿ ಅಳಿದುಳಿದ ರಂಗೋಲಿ ಕಂಡಿತು. ರಂಗೋಲಿ ತುಳಿಯಬಾರದು ಅಂತ ಅವಳ ಚಿಕ್ಕಂದಿನಲ್ಲಿ ನಾನೇ ಕಲಿಸಿದ್ದಲ್ಲವೇ, ಅವಳು ಕಾಲು ಹಿಂದಕ್ಕೆಳೆದು, ಪಕ್ಕದ ಒದ್ದೆ ಹುಲ್ಲಿಗೆ ಇಳಿಯಲು ಹೋದಳು. ತೋಳು ಹಿಡಿದು ನಿಲ್ಲಿಸಿದೆ.

"ತುಳೀ ಪುಟ್ಟಿ," ಅಂದೆ. "ತುಳಿದೇ ನಡಿ."